ಮೋರ್ಯರ ಗುಡ್ಡ: ಕುಳ್ಳರ ಮನೆ ಅಂತ ಕರೆಯೋ ಕಲ್ಲುಗಳ ಕಥೆ ಏನು?

ಹಾವೇರಿ: ನಮ್ಮ ಕಡೆ ನಿಂತ ಕಲ್ಲು ಅಂದ್ರೆ ವೀರಗಲ್ಲು, ಮಾಸ್ತಿಕಲ್ಲು. ಹಾನಗಲ್ಲ, ರಟ್ಟೀಹಳ್ಳಿ ಕಡೆ ಗುಡಿ ಹತ್ತಿರ ನೀವೂ ನೋಡಿರ್ತೀರಿ. ಅವಕ್ಕಿಂತ ಸಾವಿರ ವರ್ಷಕ್ಕೂ ಹಳೇ ಕಲ್ಲುಗಳು ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಮೇಲಿವೆ. ಜನ ಅದನ್ನ ಮೋರ್ಯರ ಗುಡ್ಡ ಅಂತಾರೆ.

ಮೂರು ಕಡೆ ಚಪ್ಪಡಿ ನಿಲ್ಲಿಸಿ, ನಾಲ್ಕನೇ ಕಡೆಯ ಚಪ್ಪಡಿಗೆ ದುಂಡನೆ ಕಿಂಡಿ ಕೊರೆದು, ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ದೊಡ್ಡವು 8-9 ಅಡಿ ಎತ್ತರ ಇವೆ. ಸಣ್ಣವು, ದೊಡ್ಡವು, ಬಿದ್ದವು ಎಲ್ಲ ಸೇರಿ ಸುಮಾರು 400.

ಕಿಂಡಿ ನೋಡಿದವರಿಗೆ ಇದು ಬಾಗಿಲು ಅನ್ನಿಸ್ತದೆ. ಇಷ್ಟು ಸಣ್ಣ ಬಾಗಿಲಲ್ಲಿ ಹೋಗಿ ಬರಬೇಕಂದ್ರೆ ಮನುಷ್ಯರೂ ಕುಳ್ಳರೇ ಇರಬೇಕಲ್ಲ! ಕಥೆ ಹುಟ್ಟಿದ್ದು ಹಾಗೆ. ಮೋರ್ಯರು ಅನ್ನೋ ಗಿಡ್ಡ ಜನ ಇಲ್ಲಿದ್ದರು, ಬೆಂಕಿ ಮಳೆ ಸುರಿದು ಎಲ್ಲರೂ ಸತ್ತರು ಅಂತ ಹೇಳ್ತಾರೆ. ಐಹೊಳೆಯ ಮೇಗುತಿ ಗುಡ್ಡದ ಹಿಂದಿರೋ ಇಂಥವಕ್ಕೂ 'ಮೋರೇರ ಮನೆ' ಅಂತಲೇ ಹೆಸರು.

ಹೆಸರು ಕೇಳಿದರೆ ಮೌರ್ಯರು ನೆನಪಾಗ್ತಾರೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನ ಇರೋದೂ ಖರೆ. ಆದರೆ ಈ ಕಲ್ಲುಗಳ ಕಾಲ ಕ್ರಿ.ಪೂ. 800ರಿಂದ 200 ಅಂತ ಲೆಕ್ಕ ಹಾಕಿದ್ದಾರೆ. ಅಂದ್ರೆ ಮೌರ್ಯರ ರಾಜ್ಯ ಹುಟ್ಟೋಕೆ ನೂರಾರು ವರ್ಷ ಮೊದಲೇ ಕೆಲಸ ಶುರುವಾಗಿತ್ತು. ಇವು ಮನೆಯೂ ಅಲ್ಲ. ಕಬ್ಬಿಣ ಬಳಸೋಕೆ ಕಲಿತ ಜನ ಸತ್ತವರಿಗಾಗಿ ಕಟ್ಟಿದ ಸಮಾಧಿಗಳು. ಇಂಥ ಸಮಾಧಿಗಳನ್ನ ಊರೂರು ತಿರುಗಿ ಅಭ್ಯಾಸ ಮಾಡಿದವರು ಪುರಾತತ್ವ ವಿದ್ವಾಂಸ ಅ. ಸುಂದರ.

ಗುಡ್ಡದ ಮೇಲೆ ಇನ್ನೊಂದು ಮಜಾ ಇದೆ. ಬಂಡೆ ಮೇಲೆ ನಗಾರಿ ಆಕಾರದ ಗುಂಡು ಕೂತಿದೆ. ಬಡಿದರೆ ಒಂದು ಕಿ.ಮೀ. ಆಚೆಗೂ ಸದ್ದು ಕೇಳ್ತದಂತೆ.

ಬ್ಯಾಸರದ ಸಂಗತಿ ಅಂದ್ರೆ ನಿಧಿ ಹುಚ್ಚು. ಬಂಗಾರದ ಆಸೆಗೆ ಅಗೆದು ಎಷ್ಟೋ ಚಪ್ಪಡಿ ಉರುಳಿಸಿದ್ದಾರೆ. ಈ ಕಾಲದ ಸಮಾಧಿಗಳಲ್ಲಿ ಸಾಮಾನ್ಯವಾಗಿ ಸಿಗೋದು ಕಪ್ಪು-ಕೆಂಪು ಗಡಿಗೆ, ಮೂಳೆ, ಕಬ್ಬಿಣದ ಸಾಮಾನು. ಅದನ್ನ ಯಾವ ಸರಾಫನೂ ಕೊಳ್ಳಲ್ಲ! 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ ಜಾಗ ಇದು, ಉರುಳಿದ ಕಲ್ಲನ್ನ ಮತ್ತೆ ಮೊದಲಿನಂತೆ ನಿಲ್ಲಿಸೋದು ಸುಲಭ ಅಲ್ಲ.

ಹೋಗೋರು ಹುಬ್ಬಳ್ಳಿಯಲ್ಲಿ ರೈಲು ಬದಲಿಸಿ ಕೊಪ್ಪಳಕ್ಕೆ ಇಳೀಬಹುದು. ಹಿರೇಬೆಣಕಲ್ ಊರು ಗಂಗಾವತಿಯಿಂದ ಸುಮಾರು 10 ಕಿ.ಮೀ. ಗುಡ್ಡ ನಡೆದೇ ಹತ್ತಬೇಕು. ಬಿಸಿಲೇರೋ ಮೊದಲೇ ಹೊರಡಿ, ಕುಡಿಯೋ ನೀರು ಜೊತೆಗಿರಲಿ.