ಮನೆಯ ಪ್ರಥಮ ಚಿಕಿತ್ಸಾ ಕೈಪಿಡಿ: ಇತಿಹಾಸ

ವೈದ್ಯರ ಬಳಿ ತಲುಪುವವರೆಗೆ ಮನೆಯವರು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಗಾಬರಿಯಲ್ಲೂ ಕಣ್ಣಿಗೆ ಬೀಳುವಂತೆ ಜೋಡಿಸಿಟ್ಟ ಪುಸ್ತಕ, ಪಟ್ಟಿ ಅಥವಾ ಹಾಳೆಯೇ ಮನೆಯ ಪ್ರಥಮ ಚಿಕಿತ್ಸಾ ಕೈಪಿಡಿ. ಇದರ ಇತಿಹಾಸ ಬರೆದವರು ಹೆಚ್ಚಾಗಿ ಸೇರ್ಪಡೆಯಾದ ಸಲಹೆಗಳನ್ನೇ ದಾಖಲಿಸಿದ್ದಾರೆ. ಕೈಬಿಟ್ಟ ಸಲಹೆಗಳ ಚರಿತ್ರೆ ಅದಕ್ಕಿಂತ ಕಡಿಮೆ ಮುಖ್ಯವಲ್ಲ. ಭಾರತದಲ್ಲಿ, ಅದರಲ್ಲೂ ಹಾವು ಕಡಿತದ ವಿಷಯದಲ್ಲಿ, ಜೀವ ಉಳಿಯುವುದು ತಪ್ಪು ಸಲಹೆಯನ್ನು ಕೈಬಿಡುವುದರ ಮೇಲೂ ನಿಂತಿದೆ.

ಆರಂಭ

ಸಾರ್ವಜನಿಕರಿಗೆಂದೇ ಸಂಘಟಿತವಾಗಿ ಸೂಚನೆ ಹಂಚಿದ ಮೊದಲಿಗರಲ್ಲಿ ನೀರಿಗೆ ಬಿದ್ದವರನ್ನು ಬದುಕಿಸಲು ಹುಟ್ಟಿದ ಸಂಘಗಳು ಸೇರುತ್ತವೆ: ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1767ರಲ್ಲಿ, ಲಂಡನ್ನಿನಲ್ಲಿ 1774ರಲ್ಲಿ. ಮೈ ಬೆಚ್ಚಗಿಡುವುದು, ಬಾಯಿಗೆ ಬಾಯಿಟ್ಟು ಉಸಿರೂದುವುದು ಅವುಗಳ ಸಲಹೆಗಳಲ್ಲಿದ್ದವು. ಗುದದ್ವಾರದ ಮೂಲಕ ತಂಬಾಕಿನ ಹೊಗೆ ಊದುವುದೂ ಇತ್ತು. ತಂಬಾಕಿನ ಸಾರ ಪ್ರಾಣಿಗಳನ್ನು ಕೊಲ್ಲುತ್ತದೆಂದು ಇಂಗ್ಲಿಷ್ ವೈದ್ಯ ಬೆಂಜಮಿನ್ ಬ್ರೋಡಿ 1811ರಲ್ಲಿ ತೋರಿಸಿದ ಮೇಲೆ ಹೊಗೆಯ ಮಾತು ಹಿಂದೆ ಸರಿಯಿತು.

ಪ್ರಥಮ ಚಿಕಿತ್ಸೆಯ ಪಾಠಕ್ರಮಕ್ಕೆ ಮೂಲಪುರುಷ ಯಾರೆಂಬ ವಿಷಯದಲ್ಲಿ ಆಕರಗಳು ಗೊಂದಲ ಮೂಡಿಸುತ್ತವೆ. ಹಲವರು ಜರ್ಮನಿಯ ಕೀಲ್ ನಗರದ ಸೇನಾ ಶಸ್ತ್ರವೈದ್ಯ ಫ್ರೆಡ್ರಿಕ್ ಫಾನ್ ಎಸ್ಮಾರ್ಕ್‌ನನ್ನು ಹೆಸರಿಸುತ್ತಾರೆ. ಆದರೆ ಪ್ರಥಮ ಚಿಕಿತ್ಸೆ ಕಲಿಸುವ ಅವನ ಸಾಮರಿಟನ್ ಶಾಲೆ ಶುರುವಾದದ್ದು 1882ರಲ್ಲಿ. ಇಂಗ್ಲೆಂಡಿನ ಸೇಂಟ್ ಜಾನ್ ಆಂಬುಲೆನ್ಸ್ ಅಸೋಸಿಯೇಷನ್ 1877ರಲ್ಲೇ ಸ್ಥಾಪನೆಯಾಗಿತ್ತು. ಮರುವರ್ಷ ಸೇನಾವೈದ್ಯ ಪೀಟರ್ ಶೆಫರ್ಡ್ ವುಲಿಚ್‌ನಲ್ಲಿ ನಾಗರಿಕರಿಗೆ ತರಗತಿ ನಡೆಸಿ, ಕೈಪಿಡಿಯನ್ನೂ ಸಿದ್ಧಪಡಿಸಿದ. 1879ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಇಸಂಡಲ್ವಾನಾ ಕಾಳಗದಲ್ಲಿ ಅವನು ಸತ್ತ. ಎಸ್ಮಾರ್ಕ್‌ನ ಉಪನ್ಯಾಸಗಳನ್ನು ವಿಕ್ಟೋರಿಯಾ ರಾಣಿಯ ಮಗಳು ಹೆಲೆನಾ ಇಂಗ್ಲಿಷಿಗೆ ತಂದಳು. ರಾಜಮನೆತನದ ಅನುವಾದಕಿ ಸಿಕ್ಕವನ ಹೆಸರು ಉಳಿಯಿತು, ಯುದ್ಧದಲ್ಲಿ ಸತ್ತವನದು ಹಿಂದೆ ಬಿತ್ತು ಎನ್ನಬಹುದೇನೋ.

ಜೋಡಣೆಯ ಕ್ರಮ

ಹಳೆಯ ಪಾಠಗಳು ಮೂಳೆ, ರಕ್ತನಾಳಗಳ ವಿವರಣೆಯಿಂದ ತೊಡಗಿ ಗಾಯಗಳತ್ತ ಬರುತ್ತಿದ್ದವು. ಪರೀಕ್ಷೆಗೆ ಓದುವವರಿಗೆ ಇದು ಸರಿ. ಮಗುವಿನ ಗಂಟಲಲ್ಲಿ ಕಡಲೆಬೀಜ ಸಿಕ್ಕಾಗ ಪುಟ ತಿರುವುವ ತಾಯಿಗೆ ಅಲ್ಲ. ಕೃತಕ ಉಸಿರಾಟದ ಬಗೆಗಳು ಹಲವು ಬಾರಿ ಬದಲಾದವು. 1960ರಲ್ಲಿ ಕೌವೆನ್‌ಹೋವೆನ್, ಜ್ಯೂಡ್, ನಿಕರ್‌ಬಾಕರ್ ಎದೆ ಒತ್ತುವ ವಿಧಾನ ಪ್ರಕಟಿಸಿದ ಮೇಲೆ ಶ್ವಾಸಮಾರ್ಗ, ಉಸಿರು, ರಕ್ತಸಂಚಾರ ಎಂಬ ಆದ್ಯತೆಯ ಸಾಲು ಕೈಪಿಡಿಗಳ ತಲೆಗೇರಿತು. 2010ರಲ್ಲಿ ಹೃದಯ ನಿಂತ ವಯಸ್ಕರ ಮಟ್ಟಿಗೆ ಆ ಸಾಲೇ ತಿರುಗಿ ಎದೆ ಒತ್ತುವುದು ಮೊದಲಾಯಿತು. ಭಾರತೀಯ ಅರಿವಳಿಕೆ ತಜ್ಞರ ಸಂಘ 2017ರಲ್ಲಿ ಸಾಮಾನ್ಯ ಜನರಿಗೆ ಎದೆ ಒತ್ತುವುದಷ್ಟನ್ನೇ ಹೇಳಿಕೊಡುವ ಮಾರ್ಗಸೂಚಿ ತಂದಿತು.

ಹಾವು ಕಡಿತ

ಬ್ರಿಟಿಷ್ ವೈದ್ಯ ಜೋಸೆಫ್ ಫೇರರ್ 1872ರಲ್ಲಿ ಭಾರತದ ವಿಷಸರ್ಪಗಳ ಕುರಿತು ದೊಡ್ಡ ಗ್ರಂಥ ಪ್ರಕಟಿಸಿದ ಕಾಲಕ್ಕೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಸುಡುವುದು ವೈದ್ಯರೂ ಒಪ್ಪಿದ ಕ್ರಮಗಳು. 1904ರಲ್ಲಿ ಲಾಡರ್ ಬ್ರಂಟನ್, ಫೇರರ್, ಲಿಯೊನಾರ್ಡ್ ರಾಜರ್ಸ್ ಕೂಡಿ, ಕಡಿದ ಜಾಗ ಸೀಳಿ ಪೊಟ್ಯಾಸಿಯಂ ಪರ್ಮಾಂಗನೇಟ್ ತುಂಬುವ ವಿಧಾನ ಸೂಚಿಸಿದರು. ಹಿಡಿಯೊಳಗೆ ಹರಳು ತುಂಬಿದ ಪುಟ್ಟ ಚೂರಿಗಳು ಊರೂರಿಗೆ ಹೋದವು. ಮೈಯೊಳಗೆ ಇಳಿದ ವಿಷಕ್ಕೆ ಅದು ಮದ್ದಲ್ಲವೆಂದು ತಿಳಿದ ಮೇಲೂ, ಕೊಯ್ದು ಹೀರಿ ಕಟ್ಟುವ ಸಲಹೆ ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತಲೇ ಬಂತು.

ಭಾರತದ ರಾಷ್ಟ್ರೀಯ ಹಾವು ಕಡಿತ ನಿರ್ವಹಣಾ ಕ್ರಮ 2007ರಲ್ಲಿ ಬಂದು ಇದಕ್ಕೆ ತಡೆ ಹಾಕಿತು: ಧೈರ್ಯ ಹೇಳಿ, ಕಡಿದ ಅಂಗ ಅಲುಗದಂತೆ ಇರಿಸಿ, ಆಸ್ಪತ್ರೆಗೆ ಒಯ್ಯಿರಿ, ದಾರಿಯಲ್ಲಿ ಕಂಡ ಲಕ್ಷಣಗಳನ್ನು ವೈದ್ಯರಿಗೆ ಹೇಳಿ. ಕಟ್ಟುವುದು ಬೇಡವೆನ್ನಲು ಕಾರಣವಿದೆ: ಬಿಗಿಕಟ್ಟಿನಿಂದ ಅಂಗ ಕೊಳೆಯಬಹುದು. ಅದನ್ನು ಒಮ್ಮೆಲೇ ಬಿಚ್ಚಿದರೆ ವಿಷ ಏಕಾಏಕಿ ಹರಡಬಹುದು.

ಭಿನ್ನಾಭಿಪ್ರಾಯ ಪೂರ್ತಿ ಮುಗಿದಿಲ್ಲ. ಆಸ್ಟ್ರೇಲಿಯಾದ ಸ್ಟ್ರೂಆನ್ ಸದರ್ಲೆಂಡ್ 1970ರ ದಶಕದ ಕೊನೆಯಲ್ಲಿ ರೂಪಿಸಿದ, ಕಡಿದ ಅಂಗಕ್ಕೆ ಅಗಲ ಪಟ್ಟಿ ಸುತ್ತಿ ಅಲುಗದಂತೆ ಇರಿಸುವ ಒತ್ತುಪಟ್ಟಿ ವಿಧಾನವನ್ನು ನರವಿಷದ ಹಾವುಗಳ ಕಡಿತಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಮಾರ್ಗಸೂಚಿ ಒಪ್ಪುತ್ತದೆ. ಭಾರತದ 2007ರ ಕ್ರಮ ಒಪ್ಪಲಿಲ್ಲ. ನಾಗರಹಾವು, ಕಟ್ಟುಹಾವು ನರಕ್ಕೆ ವಿಷವೇರಿಸಿದರೆ ಕೊಳಕುಮಂಡಲ ಕಡಿದ ಜಾಗವನ್ನೂ ರಕ್ತವನ್ನೂ ಕೆಡಿಸುತ್ತದೆ. ನೆಲದ ಮೇಲೆ ಮಲಗಿದವರನ್ನು ಇರುಳಲ್ಲಿ ಕಡಿದದ್ದು ಯಾವುದೆಂದು ಗುರುತಿಸುವುದು ಕಷ್ಟ. ಕಟ್ಟುಹಾವಿನ ಕಡಿತ ನೋಯದೆಯೂ ಇರಬಹುದು. ಮನೆಯ ಹಾಳೆಯಲ್ಲಿ ಹಾವಿಗೊಂದು ಕಾಲಂ ಹಾಕುವುದು ಇದೇ ಕಾರಣಕ್ಕೆ ಕೆಲಸಕ್ಕೆ ಬಾರದು.

ಗೊಂದಲಕ್ಕೆ ಇನ್ನೊಂದು ಎಳೆ ಸೇರಿದೆ. ಹಾವಿನ ಅಧ್ಯಾಯದಿಂದ ಹೊರಬಿದ್ದ ಬಿಗಿಕಟ್ಟು, ಕೈಕಾಲಿನಿಂದ ಪ್ರಾಣಾಪಾಯದ ಮಟ್ಟಿಗೆ ರಕ್ತ ಸುರಿಯುವಾಗ ಬಳಸಬೇಕೆಂದು 2020ರ ಅಂತರರಾಷ್ಟ್ರೀಯ ಶಿಫಾರಸುಗಳಲ್ಲಿ ಎದ್ದು ನಿಂತಿದೆ. ಒಂದೇ ಹಾಳೆಯಲ್ಲಿ ಎರಡನ್ನೂ ಬರೆಯುವವರು ಎರಡರ ನಡುವೆ ಗೆರೆ ಎಳೆಯಲೇಬೇಕು.

ಇತ್ತೀಚಿನ ಕಾಲ

ವಿಷ ಸೇವಿಸಿದ ಮಕ್ಕಳಿಗೆ ವಾಂತಿ ಮಾಡಿಸುವ ಇಪೆಕ್ಯಾಕ್ ಸಿರಪ್ಪನ್ನು ಮನೆಯಲ್ಲಿ ಇಟ್ಟುಕೊಳ್ಳಿ ಎನ್ನುತ್ತಿದ್ದ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, 2003ರಲ್ಲಿ ಬೇಡವೆಂದಿತು. ಸುಟ್ಟ ಗಾಯಕ್ಕೆ ಬೆಣ್ಣೆ, ಟೂತ್‌ಪೇಸ್ಟ್ ಹೋಗಿ ಹರಿಯುವ ತಣ್ಣೀರು ಉಳಿಯಿತು. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ದ ಹೆಸರಿನಲ್ಲಿ 108 ಆಂಬುಲೆನ್ಸ್ ಸೇವೆ ಶುರುವಾದಂದಿನಿಂದ, ವೈದ್ಯರಿಗೆ ಹೇಳಿ ಕಳುಹಿಸಿ ಎಂಬ ಹಳೆಯ ಸಾಲಿನ ಜಾಗಕ್ಕೆ ಒಂದು ಸಂಖ್ಯೆ ಬಂತು.

ಹಾವು ಕಡಿತದಿಂದ ಭಾರತದಲ್ಲಿ 2000ರಿಂದ 2019ರವರೆಗೆ ಸುಮಾರು 12 ಲಕ್ಷ ಜನ ಸತ್ತಿರಬಹುದೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಕೇಂದ್ರವು 2030ರೊಳಗೆ ಈ ಸಾವುಗಳನ್ನು ಅರ್ಧಕ್ಕಿಳಿಸುವ ಗುರಿಯ ರಾಷ್ಟ್ರೀಯ ಕ್ರಿಯಾಯೋಜನೆ ಪ್ರಕಟಿಸಿತು.