ಇರುಳೆಲ್ಲ ನಡೆದ ಕಾಲುಗಳು

ನಮ್ಮ ತಾಯಿಯವರು ತೀರಿಕೊಂಡು ಇಪ್ಪತ್ತೆಂಟು ವರ್ಷಗಳಾದವು. ಅವರ ನೆನಪಾದಾಗಲೆಲ್ಲ ಮೊದಲು ನನ್ನ ಕಿವಿಗೆ ಬೀಳುವುದು, ರಾತ್ರಿಯ ಹೊತ್ತು ನಡುಮನೆಯಲ್ಲಿ ಅವರು ಅತ್ತಿಂದಿತ್ತ ನಡೆಯುತ್ತಿದ್ದ ಸಪ್ಪಳ. ಊಟ ಮುಗಿದು, ದೀಪವಾರಿಸಿ ಎಲ್ಲರೂ ಮಲಗಿದ ಮೇಲೆ ಅವರ ತಿರುಗಾಟ ಆರಂಭವಾಗುತ್ತಿತ್ತು. ಕೆಲವೊಮ್ಮೆ ಬಚ್ಚಲಿಗೆ ಹೋಗಿ ಹಂಡೆಯಲ್ಲಿ ಉಳಿದ ಬಿಸಿನೀರನ್ನು ಮೊಣಕಾಲಿನಿಂದ ಕೆಳಗೆ ಸುರಿದುಕೊಳ್ಳುವರು. ಹಳೆಯ ಸೀರೆಯ ತುಂಡನ್ನು ಮೀನಖಂಡಕ್ಕೆ ಬಿಗಿಯಾಗಿ ಸುತ್ತಿಕೊಳ್ಳುವರು. ಏನಾಗುತ್ತದೆಂದು ಕೇಳಿದರೆ, ‘ನೋವಲ್ಲ ಮಗಾ, ಮೂಳೆಯೊಳಗೆ ಇರುವೆ ಹರಿದ ಹಾಗೆ. ನಡೆದರೆ ನಿಲ್ಲುತ್ತದೆ, ಮಲಗಿದರೆ ಮತ್ತೆ ಶುರು’ ಎನ್ನುವರು. ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡು ಕುಳಿತಿದ್ದ ನಾನು ಒಂದು ರಾತ್ರಿ, ‘ಸುಮ್ಮನೆ ಮಲಗಬಾರದೇ?’ ಎಂದು ಗದರಿದ್ದೆ. ಮರುದಿನದಿಂದ ಅವರು ಅಂಗಳಕ್ಕೆ ಹೋಗಿ ನಡೆಯತೊಡಗಿದರು.

ಹರಿಕಥೆಗೆ ಹೋದರೆ ಕಂಬಕ್ಕೆ ಒರಗಿ ನಿಂತೇ ಕೇಳುವರು. ಅದನ್ನು ನಾವು ಭಕ್ತಿ ಎಂದುಕೊಂಡಿದ್ದೆವು. 1978ರಲ್ಲಿ ಮುಂಬಯಿಯಲ್ಲಿ ನಡೆದ ಚಿಕ್ಕಮ್ಮನ ಮಗಳ ಮದುವೆಗೆ ಅವರು ಹೊರಡಲೇ ಇಲ್ಲ. ಇರುಳೆಲ್ಲ ಬಸ್ಸಿನಲ್ಲಿ ಕಾಲು ಮಡಚಿ ಕೂರುವುದು ತಮ್ಮಿಂದಾಗದೆಂದು ಹೇಳಿದರೆ ಯಾರು ನಂಬಿಯಾರು? ಅಕ್ಕತಂಗಿಯರ ನಡುವೆ ಅದರಿಂದ ಹಲವು ವರ್ಷ ಮಾತು ನಿಂತುಹೋಯಿತು.

ಆರು ವರ್ಷಗಳ ಹಿಂದೆ ಅದೇ ಇರುವೆಗಳು ನನ್ನ ಕಾಲಿಗೂ ಬಂದವು. ವೈದ್ಯರು ನಾಲ್ಕೈದು ಪ್ರಶ್ನೆ ಕೇಳಿ, ಇದಕ್ಕೆ ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎಂದು ಹೆಸರು ಎಂದರು. ಕನ್ನಡದಲ್ಲಿ ಕಾಲುಗಳ ಚಡಪಡಿಕೆ ಎನ್ನಬಹುದೇನೋ. ಮೂವತ್ತಮೂರು ವರ್ಷ ಇತಿಹಾಸ ಪಾಠ ಮಾಡಿದವನಿಗೆ ಹೆಸರು ತಿಳಿದರಷ್ಟೇ ಸಮಾಧಾನವಿಲ್ಲ. ಅದು ಬಂದ ದಾರಿಯೂ ತಿಳಿಯಬೇಕು. ಹಾಗೆ ಓದಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ಈ ತೊಂದರೆಯನ್ನು ಸ್ಪಷ್ಟವಾಗಿ ದಾಖಲಿಸಿದ ಮೊದಲಿಗನೆಂದು ಇತಿಹಾಸಕಾರರು ಗುರುತಿಸುವುದು ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್‌ನನ್ನು (1621–1675). ಮಿದುಳಿನ ರಚನೆಯನ್ನು ಕುರಿತು 1664ರಲ್ಲಿ ಅವನು ಪ್ರಕಟಿಸಿದ ಗ್ರಂಥ ಪ್ರಸಿದ್ಧವಾದುದು. ಮಿದುಳಿನ ಬುಡದಲ್ಲಿರುವ ರಕ್ತನಾಳಗಳ ಬಳೆಯನ್ನು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಅವನು 1672ರಲ್ಲಿ, ಎಂದರೆ ನಮ್ಮ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವ ಹಿಂದಿನ ವರ್ಷ, ಲ್ಯಾಟಿನ್ ಭಾಷೆಯಲ್ಲಿ ಬರೆದ ಗ್ರಂಥವೊಂದರಲ್ಲಿ ಕೆಲವು ರೋಗಿಗಳ ಸಂಗತಿ ಬರುತ್ತದೆ. ಹಾಸಿಗೆಗೆ ಹೋದೊಡನೆ ಕೈಕಾಲುಗಳಲ್ಲಿ ಎಳೆತ, ಜಗ್ಗಾಟ, ತಡೆಯಲಾಗದ ಚಡಪಡಿಕೆ ಉಂಟಾಗಿ, ಚಿತ್ರಹಿಂಸೆಗೆ ಗುರಿಯಾದವರಂತೆ ಅವರಿಗೆ ನಿದ್ರೆ ಅಸಾಧ್ಯವಾಗುತ್ತಿತ್ತೆಂದು ಅವನು ಬರೆದ. ಇಂಥವರಿಗೆ ಅಫೀಮಿನ ಔಷಧದಿಂದ ಉಪಶಮನವಾಗುವುದನ್ನೂ ಕಂಡಿದ್ದ. ಅತಿ ತೀವ್ರವಾದ ಸಂದರ್ಭಗಳಲ್ಲಿ ಅದೇ ಬಗೆಯ ಔಷಧಗಳನ್ನು ಇಂದೂ ಎಚ್ಚರಿಕೆಯಿಂದ ಕೊಡುವುದುಂಟು.

ಮುಂದಿನ ಎರಡು ಶತಮಾನಗಳ ಕಥೆ ಅಷ್ಟು ಹಿತವಾದುದಲ್ಲ. ಕಾಲನ್ನು ನೋಡಿದರೆ ಬಾವಿಲ್ಲ, ಗಾಯವಿಲ್ಲ. ಹಗಲಿನಲ್ಲಿ ರೋಗಿ ಎಲ್ಲರಂತೆ ನಡೆದಾಡುತ್ತಾನೆ. ಕಣ್ಣಿಗೆ ಕಾಣದ ಸಂಕಟವನ್ನು ವೈದ್ಯಲೋಕ ಮನಸ್ಸಿನ ಲೆಕ್ಕಕ್ಕೆ ಬರೆದುಬಿಟ್ಟಿತು. 1861ರಲ್ಲಿ ಜರ್ಮನಿಯ ಥಿಯೋಡೋರ್ ವಿಟ್ಮಾಕ್ ಇದನ್ನು ‘ಆಂಕ್ಸೈಟಾಸ್ ಟಿಬಿಯಾರಮ್’ ಎಂದು ಕರೆದ. ಮೊಣಕಾಲ ಕೆಳಗಿನ ಮೂಳೆಗಳ ತಳಮಳ ಎಂದು ಅದರ ಅರ್ಥ. ಹೆಸರೇನೋ ಅಂದವಾಗಿದೆ, ಆದರೆ ಅವನ ಎಣಿಕೆಯಲ್ಲಿ ಅದು ಹಿಸ್ಟೀರಿಯಾದ ಲಕ್ಷಣ. ಅಮೆರಿಕದ ಜಾರ್ಜ್ ಬಿಯರ್ಡ್ ಇದನ್ನು ತಾನು ಪ್ರಚಾರಕ್ಕೆ ತಂದ ‘ನರದೌರ್ಬಲ್ಯ’ದ ಪಟ್ಟಿಯಲ್ಲಿ ಸೇರಿಸಿದ. ಈ ತೊಂದರೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಕಾಣುವುದರಿಂದ, ಆ ಹಣೆಪಟ್ಟಿ ಹೆಚ್ಚಾಗಿ ಯಾರಿಗೆ ಅಂಟಿತೆಂದು ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಿ ‘ಅವಳಿಗೆ ಚಿಂತೆ ಜಾಸ್ತಿ’ ಎಂದು ಹಿರಿಯರು ತೀರ್ಮಾನಿಸಿದ್ದು ಇದೇ ಜಾತಿಯ ತೀರ್ಪು.

ಇದನ್ನು ಬದಲಿಸಿದವರು ಸ್ವೀಡನ್ನಿನ ನರರೋಗತಜ್ಞ ಕಾರ್ಲ್ ಆಕ್ಸೆಲ್ ಎಕ್ಬಾಮ್ (1907–1977). ಅವರು ರೋಗಿಗಳ ಮಾತನ್ನು ಮಾತಿನಂತೆಯೇ ಸ್ವೀಕರಿಸಿ, ಎಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡಿದರೆ ಕಡಿಮೆ ಎಂದು ಒಬ್ಬೊಬ್ಬರನ್ನೂ ವಿಚಾರಿಸಿದರು. 1945ರಲ್ಲಿ ಪ್ರಕಟವಾದ ಅವರ ಗ್ರಂಥದಿಂದಲೇ ಈ ಕಾಯಿಲೆಗೆ ಇಂದಿನ ಹೆಸರು ಬಂದಿತು. ರಕ್ತಸಂಚಾರದ ದೋಷವೇ ಕಾರಣವಿರಬೇಕೆಂಬ ಅವರ ಊಹೆ ನಿಲ್ಲಲಿಲ್ಲ. ಆದರೆ ಇದು ಮನೆತನಗಳಲ್ಲಿ ಹರಿದುಬರುತ್ತದೆ, ಗರ್ಭಿಣಿಯರಲ್ಲಿ ಹೆಚ್ಚು, ಕಬ್ಬಿಣಾಂಶದ ಕೊರತೆಗೂ ಇದಕ್ಕೂ ನಂಟಿದೆ ಎಂದು ಅವರು ಕಂಡುಕೊಂಡುದು ನಿಂತಿತು. 1953ರಲ್ಲಿ ಅದೇ ದೇಶದ ನಾರ್ಡ್‌ಲ್ಯಾಂಡರ್ ಎಂಬ ವೈದ್ಯರು ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಟ್ಟು ಹಲವರನ್ನು ಗುಣಪಡಿಸಿದರು. ರಕ್ತದಲ್ಲಿ ಕಬ್ಬಿಣ ಸಾಕಷ್ಟಿದ್ದರೂ ಒಳಗಿನ ಅಂಗಾಂಶಗಳಲ್ಲಿ ಕೊರತೆಯಿರಬಹುದೆಂದು ಅವರು ಅಂದೇ ಶಂಕಿಸಿದ್ದರು.

ಆ ಶಂಕೆ ದೃಢಪಡಲು ಐವತ್ತು ವರ್ಷ ಬೇಕಾಯಿತು. 1982ರಲ್ಲಿ ತುರ್ಕಿಯ ವೈದ್ಯ ಅಕ್ಪಿನಾರ್, ಪಾರ್ಕಿನ್‌ಸನ್ ಕಾಯಿಲೆಗೆ ಕೊಡುವ ಲೆವೊಡೋಪಾ ಔಷಧದಿಂದ ಈ ಚಡಪಡಿಕೆ ಶಮನವಾಗುವುದನ್ನು ವರದಿ ಮಾಡಿದರು. ಮಿದುಳಿನ ಡೋಪಮೈನ್ ಎಂಬ ರಾಸಾಯನಿಕಕ್ಕೂ ಕಾಲಿಗೂ ಸಂಬಂಧವಿದೆಯೆಂದು ಅದರಿಂದ ತಿಳಿಯಿತು. ಡೋಪಮೈನ್ ತಯಾರಾಗಲು ಕಬ್ಬಿಣ ಬೇಕು. ಈ ತೊಂದರೆಯಿದ್ದವರ ಮಿದುಳುಗಳನ್ನು ಮರಣಾನಂತರ ಪರೀಕ್ಷಿಸಿದ ಅಮೆರಿಕದ ವಿಜ್ಞಾನಿಗಳು, ಅಲ್ಲಿ ಕಬ್ಬಿಣಾಂಶ ಕಡಿಮೆಯಿದ್ದುದನ್ನು 2003ರಲ್ಲಿ ಪ್ರಕಟಿಸಿದರು. 2007ರಲ್ಲಿ ಇದಕ್ಕೆ ಸಂಬಂಧಿಸಿದ ವಂಶವಾಹಿಗಳೂ ಪತ್ತೆಯಾದವು. ಬೆಂಗಳೂರಿನ ನಿವಾಸಿಗಳಲ್ಲಿ ನೂರಕ್ಕೆ ಸುಮಾರು ಇಬ್ಬರಿಗೆ ಇದು ಇದೆಯೆಂಬ ಸಮೀಕ್ಷೆ ಪ್ರಕಟವಾದುದೂ ಅದೇ ವರ್ಷ.

ಇಷ್ಟೆಲ್ಲ ಆದರೂ ಈ ಕಾಯಿಲೆಯನ್ನು ತೋರಿಸಿಕೊಡುವ ಯಂತ್ರವಾಗಲಿ ರಕ್ತಪರೀಕ್ಷೆಯಾಗಲಿ ಇಂದಿಗೂ ಇಲ್ಲ. ಕೇಳಿಯೇ ತಿಳಿಯಬೇಕು. 1995ರಲ್ಲಿ ತಜ್ಞರ ಅಂತರರಾಷ್ಟ್ರೀಯ ಮಂಡಳಿಯೊಂದು ಗೊತ್ತುಮಾಡಿ, ಮುಂದೆ ಪರಿಷ್ಕರಿಸಿದ ಲಕ್ಷಣಗಳನ್ನು ಸರಳವಾಗಿ ಹೀಗೆ ಹೇಳಬಹುದು. ಕಾಲನ್ನು ಆಡಿಸಲೇಬೇಕೆಂಬ ತಡೆಯಲಾರದ ಒತ್ತಾಯವಿರುತ್ತದೆ. ಕೂತಾಗ, ಮಲಗಿದಾಗ ಅದು ಹೆಚ್ಚುತ್ತದೆ. ನಡೆದರೆ, ನೀವಿದರೆ ಅಷ್ಟು ಹೊತ್ತಾದರೂ ಇಳಿಯುತ್ತದೆ. ಸಂಜೆ ಮತ್ತು ರಾತ್ರಿ ಬಲಿಯುತ್ತದೆ. ಬೇರೆ ಕಾಯಿಲೆ ಅದಕ್ಕೆ ಕಾರಣವಾಗಿರುವುದಿಲ್ಲ. ಮೀನಖಂಡ ಗಂಟುಕಟ್ಟಿದಂತೆ ಫಕ್ಕನೆ ಸೆಳೆದು ನೋಯುವುದು ಬೇರೆ. ಕಾಲು ಜೋಮು ಹಿಡಿಯುವುದು ಬೇರೆ. ಸಕ್ಕರೆ ಕಾಯಿಲೆಯವರ ಅಂಗಾಲುರಿ ನಡೆದ ಮಾತ್ರಕ್ಕೆ ಹೋಗುವುದಿಲ್ಲ. ಕುರ್ಚಿಯ ಮೇಲೆ ಕೂತು ಕಾಲು ಅಲ್ಲಾಡಿಸುತ್ತ ‘ದರಿದ್ರ ಬರುತ್ತದೆ’ ಎಂದು ಬೈಸಿಕೊಳ್ಳುವ ಹುಡುಗರದು ಸಾಮಾನ್ಯವಾಗಿ ಬರಿಯ ಅಭ್ಯಾಸ.

ನನಗಾದುದನ್ನು ಹೇಳುತ್ತೇನೆ. ನನ್ನ ಹಿಮೋಗ್ಲೋಬಿನ್ ಪ್ರಮಾಣ ಸರಿಯಾಗಿಯೇ ಇತ್ತು. ಆದರೆ ದೇಹದ ಕಬ್ಬಿಣದ ಉಗ್ರಾಣ ಎಷ್ಟು ತುಂಬಿದೆಯೆಂದು ತಿಳಿಸುವ ಫೆರಿಟಿನ್ ತೀರ ಕೆಳಗಿತ್ತು. ಈ ತೊಂದರೆಯಿರುವ ವಯಸ್ಕರಲ್ಲಿ ಅದು 75 ನ್ಯಾನೊಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಬ್ಬಿಣಾಂಶ ಕೊಡುವ ವಿಚಾರ ಮಾಡುತ್ತಾರೆ. ಈ ವಯಸ್ಸಿನಲ್ಲಿ ಕಬ್ಬಿಣ ಏಕೆ ಇಳಿಯಿತು, ಕರುಳಿನಲ್ಲಿ ರಕ್ತಸ್ರಾವವಿದೆಯೇ ಎಂದೂ ವೈದ್ಯರು ಪರೀಕ್ಷಿಸಿದರು. ಆದ್ದರಿಂದ ಮಾತ್ರೆಯನ್ನು ಅಂಗಡಿಯಿಂದ ತಾವೇ ತಂದು ನುಂಗಬಾರದು. ಕಬ್ಬಿಣ ಮಿತಿಮೀರಿದರೂ ಕೇಡು. ರಾತ್ರಿ ನೆಗಡಿಗೆಂದು ನಾನು ನುಂಗುತ್ತಿದ್ದ ಮಂಪರು ತರುವ ಮಾತ್ರೆ ಚಡಪಡಿಕೆಯನ್ನು ಹೆಚ್ಚಿಸುತ್ತಿತ್ತೆಂದು ಆಗಲೇ ತಿಳಿದದ್ದು. ವಾಂತಿ ತಡೆಯುವ ಕೆಲವು ಔಷಧಗಳೂ, ಖಿನ್ನತೆಗೆ ಕೊಡುವ ಕೆಲವು ಔಷಧಗಳೂ ಹೀಗೆಯೇ. ಅವನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಸಂಜೆಯ ಕಾಫಿ ಬಿಟ್ಟೆ. ಮಲಗುವ ಮುನ್ನ ಸ್ವಲ್ಪ ನಡಿಗೆ, ಅಮ್ಮನಂತೆಯೇ ಕಾಲಿಗೆ ಬಿಸಿನೀರು. ನಾಲ್ಕು ತಿಂಗಳಲ್ಲಿ ನಿದ್ರೆ ಮರಳಿತು.

ಎಲ್ಲರಿಗೂ ಇಷ್ಟು ಸುಲಭವಲ್ಲ. 2005ರಿಂದೀಚೆಗೆ ಡೋಪಮೈನಿನಂತೆ ಕೆಲಸಮಾಡುವ ಔಷಧಗಳು ಬಹಳ ಬಳಕೆಗೆ ಬಂದವು. ಮೊದಲು ಹಿತವೆನಿಸುವ ಅವು ಕೆಲವು ವರ್ಷಗಳಲ್ಲಿ ತೊಂದರೆಯನ್ನೇ ಬೆಳೆಸಿ, ರಾತ್ರಿಯದನ್ನು ಮಧ್ಯಾಹ್ನಕ್ಕೆ ತರುವುದು, ಕೆಲವರಲ್ಲಿ ಜೂಜಿನ ಹುಚ್ಚು ಹಿಡಿಸುವುದು ಕಂಡುಬಂದಿತು. ಹಾಗಾಗಿ ಅಮೆರಿಕದ ನಿದ್ರಾತಜ್ಞರ ಇತ್ತೀಚಿನ ಮಾರ್ಗಸೂಚಿ ಕಬ್ಬಿಣಾಂಶಕ್ಕೂ, ಗಾಬಾಪೆಂಟಿನ್ ವರ್ಗದ ಔಷಧಗಳಿಗೂ ಮೊದಲ ಸ್ಥಾನ ಕೊಟ್ಟಿದೆ. ಹಳೆಯ ಮಾತ್ರೆ ನುಂಗುತ್ತಿರುವವರು ಥಟ್ಟನೆ ಬಿಡಬಾರದು, ವೈದ್ಯರೊಡನೆ ಮಾತನಾಡಿ. ಗರ್ಭಿಣಿಯರಿಗೆ ಬರುವ ಚಡಪಡಿಕೆ ಹೆರಿಗೆಯಾದ ಮೇಲೆ ಬಹುಮಟ್ಟಿಗೆ ತಾನೇ ಹೋಗುತ್ತದೆ. ಮೂತ್ರಪಿಂಡದ ಕಾಯಿಲೆಯವರಲ್ಲಿಯೂ ಇದು ಹೆಚ್ಚು.

ನನ್ನ ಹಳೆಯ ವಿದ್ಯಾರ್ಥಿಗಳೇ, ನಿಮ್ಮ ಮನೆಗಳಲ್ಲಿ ರಾತ್ರಿ ಎದ್ದು ನಡೆಯುವ ಹಿರಿಯರಿದ್ದರೆ, ಮಲಗಿರೆಂದು ಹೇಳುವ ಮೊದಲು ಪಕ್ಕದಲ್ಲಿ ಕುಳಿತು ಮೇಲಿನ ಪ್ರಶ್ನೆಗಳನ್ನು ಕೇಳಿ. ಚಿಕ್ಕಮ್ಮನ ಮಕ್ಕಳು ಇದನ್ನು ಓದುವರೆಂದು ಬಲ್ಲೆ. ನಿಮ್ಮ ಅಕ್ಕನ ಮದುವೆಗೆ ಅಮ್ಮ ಬಾರದಿದ್ದುದು ಬಿಂಕದಿಂದಲ್ಲ. ಮದುವೆಗೆಂದು ಅವರು ತೆಗೆದಿಟ್ಟಿದ್ದ ಸೀರೆ ಬಹಳ ಕಾಲ ಪೆಟ್ಟಿಗೆಯಲ್ಲಿಯೇ ಇತ್ತು. ಕಾರಣ ನನಗೆ ಈಗ ತಿಳಿದಿದೆ; ನಿಮಗೂ ತಿಳಿದಿರಲಿ ಎಂದು ಇಷ್ಟು ಬರೆದೆ.