ಕುಡಿತ ಬಿಟ್ಟವರ ಕೂಟಗಳು: ಅಕ್ರಾನಿನಿಂದ ಅಡ್ಯಾರಿನವರೆಗೆ

ಮದರಾಸಿನಲ್ಲಿ ಮದ್ಯದ ಇತಿಹಾಸವೆಂದರೆ ಪಾನನಿರೋಧದ ಶಾಸನಗಳನ್ನು ಮುಂದಿಟ್ಟುಕೊಳ್ಳುವುದೇ ವಾಡಿಕೆ. ರಾಜಾಜಿಯವರು 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಅದನ್ನು ಆರಂಭಿಸಿದರು. 1948ರ ಹೊತ್ತಿಗೆ ಅದು ಇಡೀ ಪ್ರಾಂತಕ್ಕೆ ಹಬ್ಬಿತು; ಆಗ ಮದರಾಸಿಗೇ ಸೇರಿದ್ದ ನಮ್ಮ ದಕ್ಷಿಣ ಕನ್ನಡ, ಬಳ್ಳಾರಿಗಳೂ ಅದಕ್ಕೆ ಒಳಪಟ್ಟವು. 1971ರಲ್ಲಿ ಸಡಿಲಿಸಿದರು, ಮತ್ತೆ ಬಿಗಿ ಮಾಡಿದರು, ಮತ್ತೆ ಬಿಟ್ಟರು. 1983ರಲ್ಲಿ ಟಾಸ್ಮ್ಯಾಕ್ ಹುಟ್ಟಿತು. 2003ರಲ್ಲಿ ಚಿಲ್ಲರೆ ಮಾರಾಟವೂ ಅದರ ಕೈಗೆ ಬಂತು. ಇದೆಲ್ಲ ಸರ್ಕಾರದ ಕಥೆ. ಕುಡಿತ ಬಿಡಬೇಕೆಂದು ಹೊರಟ ಮನುಷ್ಯ ಯಾರ ಬಾಗಿಲು ತಟ್ಟಬೇಕು ಎಂಬುದರ ಕಥೆ ಬೇರೆಯೇ ಇದೆ. ಅದನ್ನು ಬರೆದವರು ಕಡಿಮೆ.

ಆ ಕಥೆ ಆರಂಭವಾದದ್ದು ಪರಊರಿನಲ್ಲಿ ಒಂಟಿಯಾಗಿ ಸಿಕ್ಕಿಬಿದ್ದ ಒಬ್ಬನಿಂದ. ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್, 1935ರ ಮೇ ತಿಂಗಳಲ್ಲಿ ವ್ಯಾಪಾರದ ಕೆಲಸಕ್ಕಾಗಿ ಓಹಾಯೊ ಪ್ರಾಂತದ ಅಕ್ರಾನ್ ಪಟ್ಟಣಕ್ಕೆ ಬಂದಿದ್ದ. ಕೆಲಸ ಕೆಟ್ಟಿತು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದವು. ಹೋಟೆಲಿನ ಮೊಗಸಾಲೆಯಲ್ಲಿ ಅತ್ತ ಪಾನಗೃಹದ ಸದ್ದು, ಇತ್ತ ದೂರವಾಣಿ. ಆತ ದೂರವಾಣಿಯ ಕಡೆಗೆ ನಡೆದ. ಊರಿನ ಪಾದ್ರಿಗಳನ್ನು ವಿಚಾರಿಸುತ್ತ ಹೋಗಿ, ಕೊನೆಗೆ ಒಬ್ಬ ಮಹಿಳೆಯ ಮೂಲಕ ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರ ಪರಿಚಯ ಪಡೆದ. ಅವರೂ ಕುಡಿತದಿಂದ ಹಾಳಾಗುತ್ತಿದ್ದವರೇ. ಹದಿನೈದು ನಿಮಿಷ ಮಾತ್ರ ಎಂದು ಬಂದ ವೈದ್ಯರು ಗಂಟೆಗಟ್ಟಲೆ ಕುಳಿತರು. ಬಿಲ್ ಉಪದೇಶ ಮಾಡಲಿಲ್ಲ, ತನ್ನ ಕಥೆಯನ್ನು ಹೇಳಿಕೊಂಡ, ಅಷ್ಟೇ. ವೈದ್ಯರ ಕೊನೆಯ ಗುಟುಕು 1935ರ ಜೂನ್ 10ರದು ಎನ್ನುತ್ತಾರೆ. ಆ ದಿನವನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್ ತನ್ನ ಜನ್ಮದಿನವೆಂದು ಎಣಿಸುತ್ತದೆ.

1939ರಲ್ಲಿ ಅವರ ಗ್ರಂಥ ಬಂತು. 1941ರಲ್ಲಿ ಒಂದು ವಾರಪತ್ರಿಕೆಯ ಲೇಖನದಿಂದ ಕೂಟಗಳು ಅಮೆರಿಕದಾದ್ಯಂತ ಬೆಳೆದವು. 1951ರಲ್ಲಿ ಬಿಲ್ಲನ ಪತ್ನಿ ಲೋಯಿಸ್ ಮನೆಯವರಿಗಾಗಿ ಆಲ್-ಅನಾನ್ ಎಂಬ ಬೇರೆ ಕೂಟವನ್ನು ರೂಪಿಸಿದರು. ಭಾರತದಲ್ಲಿ ಮೊದಲ ಕೂಟ ಸೇರಿದ್ದು ಮುಂಬಯಿಯಲ್ಲಿ, 1957ರ ಮೇ ತಿಂಗಳಲ್ಲಿ. ಅದಕ್ಕೆ ಮೊದಲು, ದೆಹಲಿಗೆ ಕೆಲಸಕ್ಕೆ ಬಂದಿದ್ದ ಕೆನಡಾದವರೊಬ್ಬರು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಜೊತೆಗಾರರನ್ನು ಹುಡುಕಿದ್ದರಂತೆ. ಇಲ್ಲಿಯೂ ಊರು ಬಿಟ್ಟು ಬಂದವನೇ ಮೊದಲಿಗ!

ನಮ್ಮ ಚೆನ್ನೈಯ ಅಧ್ಯಾಯ ದುಃಖದ್ದು. ಕೇಂದ್ರದ ಅರ್ಥಸಚಿವರಾಗಿದ್ದ ಟಿ.ಟಿ. ಕೃಷ್ಣಮಾಚಾರಿಯವರ ಮೊಮ್ಮಗ ರಂಗನಾಥನ್ 1979ರಲ್ಲಿ ಎಳೆಯ ಪ್ರಾಯದಲ್ಲೇ ಕುಡಿತಕ್ಕೆ ಬಲಿಯಾದರು. ಹಣ, ಹೆಸರು, ವೈದ್ಯರು, ಯಾವುದಕ್ಕೂ ಕೊರತೆಯಿಲ್ಲದ ಮನೆತನ. ಅವರ ಪತ್ನಿ ಶಾಂತಿ ರಂಗನಾಥನ್ ವಿಷಯವನ್ನು ಮುಚ್ಚಿಡಲಿಲ್ಲ. 1980ರಲ್ಲಿ ಗಂಡನ ಹೆಸರಿನಲ್ಲೇ ಚಿಕಿತ್ಸಾ ಸಂಸ್ಥೆಯನ್ನು ಸ್ಥಾಪಿಸಿದರು. ಅಡ್ಯಾರಿನ ಇಂದಿರಾನಗರದ ಟಿ.ಟಿ.ಕೆ. ಆಸ್ಪತ್ರೆ ಅದೇ. ರೋಗಿಯ ಜೊತೆಗೆ ಮನೆಯವರಿಗೂ ಪಾಠ ಹೇಳುವುದು ಅಲ್ಲಿಯ ಕ್ರಮ. 1989ರಿಂದ ಮಂಜಕ್ಕುಡಿ ಎಂಬ ಹಳ್ಳಿಯಲ್ಲಿ ಶಿಬಿರಗಳನ್ನೂ ನಡೆಸಿದರು. 1992ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದರೆ ನನ್ನ ಮಟ್ಟಿಗೆ ದೊಡ್ಡದು ಪ್ರಶಸ್ತಿಯಲ್ಲ, ಆ ಫಲಕದ ಮೇಲೆ ಗಂಡನ ಹೆಸರನ್ನು ಬರೆಸಿದ ಧೈರ್ಯ.

ಏಕೆಂದರೆ ನಮ್ಮಲ್ಲಿ ಆ ಧೈರ್ಯವೇ ಕಡಿಮೆ. ವರ್ಗವಾಗಿ ಬಂದ ಸಂಸಾರ. ಅತ್ತೆಮನೆ, ತವರುಮನೆಗಳೆರಡೂ ದೂರ. ಸಂಬಳದ ದಿನ ಯಜಮಾನರು ಹೊತ್ತಾಗಿ ಬಂದರೆ ಹೆಂಡತಿ ಯಾರಲ್ಲಿ ಹೇಳಿಕೊಳ್ಳಬೇಕು? ಸಂಘದಲ್ಲಿ ಹೇಳಿದರೆ ಮಗಳ ಮದುವೆಯ ಮಾತಿಗೆ ಅಡ್ಡಿಯಾದೀತೆಂಬ ಅಂಜಿಕೆ. ಉತ್ಸವಗಳಿಗೆ ಬರುವುದನ್ನೇ ನಿಲ್ಲಿಸಿಬಿಡುವ ಮನೆಗಳಿವೆ. ಊರಿನಲ್ಲಾದರೆ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳಿವೆ, ಶಿಬಿರ ಮುಗಿದ ಮೇಲೆ ನವಜೀವನ ಸಮಿತಿಗಳಿವೆ, ಎಲ್ಲವೂ ಕನ್ನಡದಲ್ಲೇ. ಇಲ್ಲಿಯ ಕೂಟಗಳು ನಡೆಯುವುದು ತಮಿಳಿನಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ. ಎದೆಯ ಮಾತನ್ನು ಕಛೇರಿಯ ಭಾಷೆಯಲ್ಲಿ ಹೇಳುವುದು ಸುಲಭವಲ್ಲ. ಆದರೂ ಕೇಳಿಸಿಕೊಳ್ಳುವುದಕ್ಕೆ ಹರಕುಮುರುಕು ತಮಿಳೂ ಸಾಕು.

ಹುಡುಕುವವರಿಗೆ ಒಂದೆರಡು ಸಂಗತಿ. ಈ ಕೂಟಕ್ಕೆ ಚಂದಾ ಇಲ್ಲ, ಪೂರ್ಣ ಹೆಸರು ಕೇಳುವುದಿಲ್ಲ. ಬಿಡಬೇಕೆಂಬ ಬಯಕೆಯೊಂದೇ ಅರ್ಹತೆ. ಚರ್ಚಿನ ಕೊಠಡಿಯಲ್ಲಿ ಸೇರುತ್ತಾರೆಂದು ಹಿಂಜರಿಯುವವರುಂಟು. ಕೊಠಡಿ ಚರ್ಚಿನದಿರಬಹುದು, ಕೂಟ ಯಾವ ಮತಕ್ಕೂ ಸೇರಿದ್ದಲ್ಲ. ತೆರೆದ ಸಭೆಗೆ ಯಾರೂ ಹೋಗಬಹುದು. ಮುಚ್ಚಿದ ಸಭೆ ಕುಡಿತದ ತೊಂದರೆಯಿರುವವರಿಗೆ ಮಾತ್ರ. ಒಂದು ಕೂಟ ಒಗ್ಗದಿದ್ದರೆ ಇನ್ನೊಂದು ಬಡಾವಣೆಯದನ್ನು ನೋಡಬೇಕು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ 14446.

ಪ್ರಯೋಗಶಾಲೆಯಲ್ಲಿ ಈಥೈಲ್ ಆಲ್ಕೊಹಾಲನ್ನು ಕಂಡವರಿಗೆ ಅದು ನೋಡಲು ನೀರಿನಂಥದೇ ದ್ರವ. ವರ್ಷಗಟ್ಟಲೆ ದಿನವೂ ಕುಡಿದವನ ನರಮಂಡಲ ಮಾತ್ರ ಅದಕ್ಕೆ ಹೊಂದಿಕೊಂಡುಬಿಟ್ಟಿರುತ್ತದೆ. ಅಂಥವನು ದೇವರ ಮುಂದೆ ಆಣೆಯಿಟ್ಟು ಒಂದೇ ದಿನಕ್ಕೆ ನಿಲ್ಲಿಸಿದರೆ ಕೈಕಾಲು ನಡುಕ, ಫಿಟ್ಸ್, ಬುದ್ಧಿಭ್ರಮಣೆ ಉಂಟಾಗಿ ಪ್ರಾಣಾಪಾಯವೂ ಆದೀತು. ಆದ್ದರಿಂದ ಮೊದಲು ವೈದ್ಯರು, ಆಮೇಲೆ ಕೂಟ. ಕುಡಿಯುವವನು ಬರಲೊಪ್ಪದಿದ್ದರೆ ಹೆಂಡತಿಯೋ ತಾಯಿಯೋ ಕಾಯಬೇಕಾಗಿಲ್ಲ. ಆಲ್-ಅನಾನ್ ಸಭೆಗೆ ಅವರು ತಾವೇ ಹೋಗಬಹುದು, ಮನೆಯಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ.